ಲ್ಯಾಬ್ ಮಾಮ ಉಜ್ಜಿದ ಗಾಜು

ಅವರ ಬೆರಳ ತುದಿಗಳಲ್ಲಿ ಗೆರೆಗಳೇ ಇರಲಿಲ್ಲ. ಹರೆಯದಲ್ಲಿ ಕ್ರೋಂಪೇಟೆಯ ಚರ್ಮದ ಕಾರ್ಖಾನೆಯಲ್ಲಿ ತೊಗಲು ಉಜ್ಜಿ, ಅದು ಮುಚ್ಚಿದ ಮೇಲೆ ನಮ್ಮ ಎಂಜಿನಿಯರಿಂಗ್ ಕಾಲೇಜಿನ ಲ್ಯಾಬಿನಲ್ಲಿ ಗಾಜು ತೊಳೆದೂ ತೊಳೆದೂ ಸವೆದುಹೋಗಿದ್ದವು. ಹಾಜರಿ ಯಂತ್ರ ದಿನಾ ಬೆಳಿಗ್ಗೆ ಅವರನ್ನು ಗುರುತಿಸಲು ಒಲ್ಲೆ ಅನ್ನುತ್ತಿತ್ತು. "ಹೋಗ್ಲಿ ಬಿಡು, ನಾನು ಬಂದಿದ್ದೀನಿ ಅಂತ ನಂಗೆ ಗೊತ್ತಲ್ಲ" ಅಂತ ನಕ್ಕು ರಿಜಿಸ್ಟರಿನಲ್ಲಿ ಸಹಿ ಹಾಕುತ್ತಿದ್ದರು. ನಾವೆಲ್ಲ ಅವರನ್ನು ಕರೆಯುತ್ತಿದ್ದದ್ದು ಲ್ಯಾಬ್ ಮಾಮ ಅಂತ.

ತಾತನ ಕಾಲಕ್ಕೇ ಕೊಳ್ಳೇಗಾಲದಿಂದ ಈ ತಮಿಳು ಊರಿಗೆ ಬಂದ ಕನ್ನಡದ ಮನೆತನ. ಮೊಮ್ಮಕ್ಕಳು ತಮಿಳಿನಲ್ಲೇ ಉತ್ತರ ಕೊಡುವವರು. ಹಾಗಾಗಿ ತುಮಕೂರಿನಿಂದ ಪಿಎಚ್.ಡಿ.ಗೆ ಬಂದ ನಾನು ಸಿಕ್ಕಿದ್ದೇ ತಡ, ಮಾತಿಗೆ ಕೂರುತ್ತಿದ್ದರು. ಕೆಲಸದ ವಿಷಯದಲ್ಲಿ ಮಾತ್ರ ಮಹಾ ಮೊಂಡು. ಅವರು ತೊಳೆದಿಟ್ಟ ಗಾಜನ್ನು ಯಾರಾದರೂ ಬರಿಗೈಯಲ್ಲಿ ಮುಟ್ಟಿದರೆ ಆ ದಿನವೆಲ್ಲ ಮಾತು ಬಂದ್.

ನನ್ನ ಕೆಲಸ ದ್ರವಸ್ಫಟಿಕದ್ದು. ಟಿವಿ ಪರದೆಯೊಳಗಿರುವ ಅದೇ ವಸ್ತು. ನೀರಿನ ಹಾಗೆ ಹರಿಯುತ್ತದೆ, ಆದರೂ ಅದರ ಕಣಗಳು ಒಂದೇ ದಿಕ್ಕಿಗೆ ಸಾಲುಗಟ್ಟಬಲ್ಲವು. ಅದನ್ನು ಇಂಕ್‌ಜೆಟ್ ಪ್ರಿಂಟರಿನಿಂದ ಹನಿಹನಿಯಾಗಿ ಬೇರೆ ಬೇರೆ ಮೇಲ್ಮೈಗಳ ಮೇಲೆ ಉದುರಿಸಿ, ಎಲ್ಲಿ ಹೇಗೆ ಕೂರುತ್ತದೆ ನೋಡಬೇಕು. ಬರೀ ಗಾಜಿನ ಮೇಲೆ ಹರಡಿಕೊಳ್ಳುತ್ತಿತ್ತು, ಜಿಡ್ಡಿನ ಲೇಪದ ಮೇಲೆ ಗುಂಡಗೆ ಕೂರುತ್ತಿತ್ತು. ಪ್ಲಾಸ್ಟಿಕ್ ಪದರ ಬಳಿದು ಮಖಮಲ್ ಬಟ್ಟೆಯಿಂದ ಉಜ್ಜಿದ ಗಾಜಿನ ಮೇಲೆ ಹನಿಗಳೆಲ್ಲ ಒಂದೇ ದಿಕ್ಕು ಹಿಡಿಯಬೇಕಿತ್ತು. ಹಿಡಿಯುತ್ತಿರಲಿಲ್ಲ. ಒಂದೊಂದು ಹನಿಯೊಳಗೂ ಒಡಕಿನಂಥ ಗೆರೆ. ಶುಕ್ರವಾರದ ಪರಿಶೀಲನೆಯೊಳಗೆ ಸರಿಹೋಗದಿದ್ದರೆ ವಿಷಯವನ್ನೇ ಬದಲಿಸು ಅಂದರು ಗೈಡ್. ಎರಡು ವರ್ಷದ ಕೆಲಸ ನೀರುಪಾಲು. ನಾನು ಪ್ರಿಂಟರನ್ನು ಬೈದೆ, ಶಾಖ ಏರಿಸಿದೆ, ಇಳಿಸಿದೆ, ಕೊನೆಗೆ ಅತ್ತುಬಿಟ್ಟೆ.

ಗುರುವಾರ ನಾನು ಗಾಜು ಉಜ್ಜುವುದನ್ನು ಮಾಮ ಪಕ್ಕದಲ್ಲಿ ನಿಂತು ನೋಡಿದರು. "ಕೊಂಜ ಇರಮ್ಮ. ಏನಿದು, ಪಾತ್ರೆ ತಿಕ್ಕಿದ ಹಾಗೆ ಹಿಂದಕ್ಕೂ ಮುಂದಕ್ಕೂ?" ಬಟ್ಟೆಯನ್ನು ತೆಗೆದುಕೊಂಡು ಕಣ್ಣು ಮುಚ್ಚಿ ಸವರಿದರು. ತೊಗಲಿನ ಕೂದಲು ಹೇಗೋ ಮಖಮಲ್ಲಿನ ಎಳೆಯೂ ಹಾಗೇ, ಒಂದು ಕಡೆಗೆ ಮಲಗಿರುತ್ತೆ, ಅದು ಮಲಗಿದ ಕಡೆಗೇ ಉಜ್ಜಬೇಕು, ವಾಪಸ್ ಬರುವಾಗ ಕೈ ಎತ್ತಿಬಿಡಬೇಕು ಅಂದರು. ಬಟ್ಟೆ ಸುತ್ತುವ ಮರದ ತುಂಡಿನ ಮೇಲೆ ಪೆನ್ನಿನಲ್ಲಿ ಬಾಣದ ಗುರುತು ಎಳೆದು, ಗಾಜುಗಳನ್ನೆಲ್ಲ ತಾವೇ ಉಜ್ಜಿಕೊಟ್ಟರು. ನನಗೆ ಪೂರ್ತಿ ನಂಬಿಕೆ ಬರಲಿಲ್ಲ, ಬೇರೆ ದಾರಿಯೂ ಇರಲಿಲ್ಲ, ಅವುಗಳ ಮೇಲೇ ಹನಿ ಉದುರಿಸಿದೆ.

ಶುಕ್ರವಾರ ಪರೀಕ್ಷಕರ ಎದುರಿಗೇ ಗಾಜನ್ನು ಸೂಕ್ಷ್ಮದರ್ಶಕದ ತಟ್ಟೆಯ ಮೇಲಿಟ್ಟು ತಿರುಗಿಸಿದೆ. ಹೊಳೆಯುತ್ತಿದ್ದ ಹನಿಗಳೆಲ್ಲ ಒಟ್ಟಿಗೇ ಕಪ್ಪಾದವು. ಇನ್ನೊಂದಿಷ್ಟು ತಿರುಗಿಸಿದರೆ ಒಟ್ಟಿಗೇ ಬೆಳಗಿದವು. ಒಂದರಲ್ಲೂ ಗೆರೆಯಿಲ್ಲ. ಗೆದ್ದೆ ಅಂತ ಇಡೀ ಕ್ರೋಂಪೇಟೆಗೆ ಕೇಳುವ ಹಾಗೆ ಕೂಗಬೇಕು ಅನ್ನಿಸಿತು. ಮೇಲ್ಮೈ ಸಿದ್ಧಮಾಡಿದ್ದು ಯಾರು ಅಂತ ಪರೀಕ್ಷಕರು ಕೇಳಿದ್ದೇ, ಬಾಗಿಲಾಚೆ ನಿಂತಿದ್ದ ಮಾಮನ ಕೈ ಹಿಡಿದು ಎಳೆತಂದೆ. ಸೂಕ್ಷ್ಮದರ್ಶಕದ ಮುಂದೆ ಕೂರಲು ಹಿಂಜರಿದರು. ಹದಿನೆಂಟು ವರ್ಷ ಅದನ್ನು ದಿನಾ ಒರೆಸಿದ್ದರು, ಒಮ್ಮೆಯೂ ಅದರೊಳಗೆ ನೋಡಿರಲಿಲ್ಲ. ನೋಡಿ ಅಂತ ಯಾರೂ ಅಂದಿರಲಿಲ್ಲ, ನಾನೂ ಸೇರಿ. ನಾಚಿಕೆಯಾಯಿತು ನನಗೆ.

ತುಂಬ ಹೊತ್ತು ನೋಡಿದರು. ತಟ್ಟೆಯನ್ನು ತಾವೇ ತಿರುಗಿಸಿ ನೋಡಿದರು. "ಎಲ್ಲಾ ಒಂದೇ ಕಡೆ ಮಲಗಿದಾವೆ ಕಣಮ್ಮ" ಅಂದರು.

ಮಾಮ ತೀರಿಕೊಂಡು ಎರಡು ವರ್ಷವಾಯಿತು. ಈಗ ಅದೇ ಲ್ಯಾಬಿನಲ್ಲಿ ನಾನು ಪಾಠ ಮಾಡುತ್ತೇನೆ. ಮಖಮಲ್ ಎಷ್ಟೋ ಸಲ ಬದಲಾಗಿದೆ, ಬಾಣದ ಗುರುತಿನ ಮರದ ತುಂಡು ಅದೇ ಇದೆ. ಗಾಜು ಉಜ್ಜಿದವರು ಯಾರೇ ಆಗಿರಲಿ, ನಮ್ಮಲ್ಲಿ ಸೂಕ್ಷ್ಮದರ್ಶಕದೊಳಗೆ ಮೊದಲು ನೋಡುವುದು ಅವರೇ.