ಓಟ್ಸ್ ಹಿಟ್ಟಿಗೆ ಬಂದ ಹೆಸರು

ಗಿರಾಕಿಯ ಕೈಗೆ ಪೆನ್ಸಿಲ್ ಕೊಡಬಾರದು. ಮಸ್ಕತ್ತಿನ ಆಸುಪಾಸಿನಲ್ಲಿ ಮರದ ಕೆಲಸದ ಅಂಗಡಿ ಹಾಕುತ್ತೇನೆಂದು ಸಲಹೆ ಕೇಳಿಕೊಂಡು ಬರುವ ಊರಿನವರಿಗೆಲ್ಲ ನಾನು ಮೊದಲು ಹೇಳುವುದು ಇದನ್ನೇ. ನಕ್ಷೆ ತೋರಿಸಿ, ಒಪ್ಪಿಗೆ ತೆಗೆದುಕೊಳ್ಳಿ, ಪೆನ್ಸಿಲನ್ನು ನಿಮ್ಮ ಕಿವಿಗೇ ಸಿಕ್ಕಿಸಿಕೊಳ್ಳಿ, ಚಹಾ ಕುಡಿಸಿ ಕಳುಹಿಸಿ. ಉಡುಪಿಯಿಂದ ಮುಂಬಯಿಯ ಹೋಟೆಲಿಗೆ, ಅಲ್ಲಿಂದ ಇಲ್ಲಿಗೆ ಬಂದು, ಪ್ಲೈವುಡ್ ಹೊತ್ತು, ಚೌಕಾಸಿ ಮಾಡಿ ಮಾಡಿ ಅಲ್ ಮಬೇಲಾದಲ್ಲಿ ಸ್ವಂತ ಅಂಗಡಿ ನಿಲ್ಲಿಸಿದವನು ನಾನು. ನನ್ನ ಮಾತಿಗೆ ಅಷ್ಟಾದರೂ ಬೆಲೆ ಉಂಟು. ಆದರೂ ಆ ಸ್ಕಾಟ್ಲೆಂಡಿನವರ ಮುಂದೆ ನನ್ನ ಪೆನ್ಸಿಲ್ ನನ್ನ ಕಿವಿಯಲ್ಲಿ ನಿಲ್ಲಲೇ ಇಲ್ಲ.

ಅವರು ಇಂಜಿನಿಯರ್. ಮೊದಲು ಸೊಹಾರಿನ ಒಂದು ಕಾರ್ಖಾನೆಯಲ್ಲಿ, ಆಮೇಲೆ ಮಸ್ಕತ್ ಕಚೇರಿಯಲ್ಲಿ ಇದ್ದು, ಈಗ ನಿವೃತ್ತಿಯ ಹೊಸ್ತಿಲಲ್ಲಿದ್ದರು. ಮದೀನತ್ ಸುಲ್ತಾನ್ ಖಾಬೂಸಿನ ಅವರ ಮನೆಗೆ ಹಿಂದೊಮ್ಮೆ ಪುಸ್ತಕದ ಕಪಾಟು ಮಾಡಿಕೊಟ್ಟಿದ್ದೆ. ಆ ಗುರುತಿನಿಂದಲೇ ಬಂದರು. ಬೇಕಾದದ್ದು ಒಂದು ತೇಗದ ಹಲಗೆ. ಅದರಲ್ಲಿ ವಂಶವೃಕ್ಷ, ಮೇಲೆ ಒಂದು ಗುರಾಣಿ, ಗುರಾಣಿಯಲ್ಲಿ ಅವರ ಸರ್‌ನೇಮಿನ ಚಿಹ್ನೆ. ಆ ಸರ್‌ನೇಮ್ ಯಾವುದೆಂದು ಇಲ್ಲಿ ಬರೆಯುವುದಿಲ್ಲ. ಅವರ ಮಾನ ಅವರದು.

ಬೇಸಗೆಯಲ್ಲಿ ಸ್ಕಾಟ್ಲೆಂಡಿನ ಒಂದು ಕಣಿವೆಯಲ್ಲಿ ಆ ಹೆಸರಿನವರೆಲ್ಲ ಸೇರುತ್ತಾರಂತೆ. ಕೆನಡಾ, ಆಸ್ಟ್ರೇಲಿಯಾಗಳಿಂದಲೂ ಬರುತ್ತಾರಂತೆ. ಅಲ್ಲಿಯ ಸಭಾಂಗಣಕ್ಕೆ ಇವರು ಈ ಹಲಗೆಯನ್ನು ಕೊಟ್ಟು, ಆಮೇಲೆ ಅದೇ ಕಣಿವೆಯಲ್ಲಿ ಕೊಂಡಿಟ್ಟ ಸಣ್ಣ ಮನೆಯಲ್ಲಿ ಕೊನೆಯವರೆಗೂ ಇರುವುದೆಂದು ತೀರ್ಮಾನಿಸಿದ್ದರು. ಇವರು ಹುಟ್ಟಿದ್ದು ಮಾತ್ರ ದೂರದ ಗ್ಲಾಸ್ಗೋ ನಗರದಲ್ಲಿ. ತಂದೆ ಅಲ್ಲಿ ಹಡಗು ಕಟ್ಟುವ ಕೆಲಸದಲ್ಲಿದ್ದವರು. ಹೆಂಡತಿ ತೀರಿಕೊಂಡಿದ್ದರು, ಮಕ್ಕಳು ಒಂದೊಂದು ಖಂಡದಲ್ಲಿದ್ದರು.

“ಅಲ್ಲಿ ನನ್ನನ್ನು ಗಲ್ಫಿನಿಂದ ಬಂದ ಮುದುಕ ಅನ್ನಬಾರದು. ಊರಿನವನು ಅನ್ನಬೇಕು. ಅಷ್ಟೇ ನನಗೆ ಬೇಕಾದ್ದು” ಎಂದರು.

ನನಗೆ ಅದು ನಾಟಿತು. ರಜೆಯಲ್ಲಿ ಊರಿಗೆ ಹೋದರೆ ನಾನೂ ‘ಗಲ್ಫಿನವರು’ ತಾನೆ? ಮೀನು ಮಾರುವವಳೂ ಮುಖ ನೋಡಿ ರೇಟು ಏರಿಸುತ್ತಾಳೆ. ಹಾಗಾಗಿ ಅನುಕಂಪದಲ್ಲಿ ಪೆನ್ಸಿಲ್ ಕೊಟ್ಟೆ.

ಅಲ್ಲಿಂದ ಶುರುವಾಯಿತು ನನ್ನ ಗ್ರಹಚಾರ.

ಮೊದಲು ಗುರಾಣಿಯಲ್ಲಿ ಹಡಗು ಬಿಡಿಸಿದರು. ಮೂಲಪುರುಷ ಉತ್ತರದ ಸಮುದ್ರದಿಂದ ಹಡಗಿನಲ್ಲಿ ಬಂದ ದರೋಡೆಕೋರನಂತೆ. ಹದಿನೈದು ದಿನ ಬಿಟ್ಟು ಬಂದು ಹಡಗು ಬೇಡ ಎಂದರು. ಮೂಲಪುರುಷ ಐರ್ಲೆಂಡಿನಿಂದ ಬಂದ ಸಂನ್ಯಾಸಿಯಂತೆ, ಶಿಲುಬೆ ಹಾಕಿ. ಸಂನ್ಯಾಸಿಗೆ ವಂಶ ಹೇಗೆ ಬೆಳೆಯಿತು ಸರ್ ಎಂದು ಕೇಳಿದೆ. ನಗಲಿಲ್ಲ. ಮುಂದಿನ ತಿಂಗಳು ಫ್ರಾನ್ಸಿನ ಕಡೆಯಿಂದ ಕುದುರೆ ಏರಿ ಬಂದ ಸರದಾರ. ಯಾರೋ ಬರೆದ ಲೇಖನವಂತೆ, ಓದಿದ ರಾತ್ರಿ ನಿದ್ದೆಯೇ ಬರಲಿಲ್ಲವಂತೆ. ಶಿಲುಬೆ ಹೋಗಿ ಕತ್ತಿ ಬಂತು.

ನಮ್ಮ ಕೆತ್ತನೆಯ ಉಸ್ತಾದ್ ಪಾಕಿಸ್ತಾನದವರು, ಮಾತು ಕಡಿಮೆ. ಅವರೇ ಒಂದು ದಿನ ಉಳಿ ಕೆಳಗಿಟ್ಟು ಕೇಳಿದರು: “ಸೇಠ್‌ಜೀ, ಇವರ ಅಜ್ಜ ಈ ವಾರ ಎಲ್ಲಿಂದ ಬರುತ್ತಾರೆ?”

ಸಾಕಾಯಿತು. ಗುರಾಣಿ ಖಾಲಿ ಇರಲಿ, ಮೊದಲು ಮರ ಕೆತ್ತಿಸುತ್ತೇನೆ, ಅಷ್ಟರಲ್ಲಿ ನೀವು ಒಬ್ಬ ಅಜ್ಜನನ್ನು ನಿಶ್ಚಯ ಮಾಡಿ ಎಂದೆ. ಅವರು ಕಂಪ್ಯೂಟರಿನಲ್ಲಿ ತೆಗೆಸಿದ ಚಾಪೆಯಗಲದ ಹಾಳೆ ಕೊಟ್ಟರು. ತಂದೆಯ ಕಡೆ, ತಾಯಿಯ ಕಡೆ, ಎಲ್ಲರೂ ಅದರಲ್ಲಿ ಇದ್ದರು.

“ಮುಖ್ಯ ವಂಶ ಕಾಂಡದಲ್ಲಿ ಬರಲಿ. ಉಳಿದವರು ಕೊಂಬೆಯಲ್ಲಿ. ನೀವೇ ಜೋಡಿಸಿ, ನಾನು ಸಲಾಲಾಕ್ಕೆ ಕಚೇರಿ ಕೆಲಸದ ಕೊನೆಯ ಸುತ್ತು ಹೋಗಿ ಬರುತ್ತೇನೆ” ಎಂದು ಹೊರಟರು. ಕೊಂಬೆ ಎಷ್ಟು, ಎಲೆ ಎಷ್ಟು ಎಂದು ನಾನು ಕೇಳಿಕೊಂಡೆ. ಮುಖ್ಯ ವಂಶ ಎಂದರೆ ಯಾವುದು ಎಂದು ಕೇಳಲಿಲ್ಲ. ಅದನ್ನು ಕೇಳುತ್ತಾರೆಯೇ ಯಾರಾದರೂ?

ಹಾಳೆಯನ್ನು ಮನೆಗೆ ಒಯ್ದೆ. ಇಂಥದ್ದರಲ್ಲೆಲ್ಲ ನನ್ನ ಹೆಂಡತಿಯದೇ ಕೊನೆಯ ಮಾತು. ಮಸ್ಕತ್ತಿನಲ್ಲಿರುವ ನಮ್ಮ ತುಳುವರ ಮನೆಗಳಲ್ಲಿ ಹುಡುಗ ಹುಡುಗಿಯ ಮಾತು ಬಂದರೆ ಮೊದಲ ಫೋನು ಇವಳಿಗೆ. ಇವಳ ಮೊದಲ ಪ್ರಶ್ನೆ, “ಬರಿ ಯಾವುದು?” ಬರಿ ಎಂದರೆ ನಮ್ಮಲ್ಲಿ ತಾಯಿಯಿಂದ ಬರುವ ಕುಲ. ಇಬ್ಬರದೂ ಒಂದೇ ಬರಿಯಾದರೆ ಅವರು ಅಣ್ಣ ತಂಗಿ, ಮಾತುಕತೆ ಖಲಾಸ್. ಸರ್‌ನೇಮಿನದು ಬೇರೆ ವಿಷಯ. ಅದು ಪಾಸ್‌ಪೋರ್ಟಿಗೆ. ರೂವಿ ಪೇಟೆಯ ಬೀದಿಯಲ್ಲಿ ನನ್ನ ಸರ್‌ನೇಮ್ ಕೂಗಿದರೆ ಹತ್ತು ಅಂಗಡಿಯಿಂದ ಹತ್ತು ಜನ ಹೊರಗೆ ಬರುತ್ತಾರೆ, ಒಬ್ಬರಿಗೊಬ್ಬರು ಏನೂ ಆಗಬೇಕಾದ್ದಿಲ್ಲ.

ಅವಳು ಕೆಂಪು ಪೆನ್ನು ಹಿಡಿದು ಹಾಳೆಯ ಮೇಲೆ ಬಗ್ಗಿದಳು. ಇವರ ತಾಯಿ, ತಾಯಿಯ ತಾಯಿ, ಅವಳ ತಾಯಿ. ಗೆರೆ ಎಲ್ಲೂ ತಡೆಯದೆ ಹಾಳೆಯ ಅಂಚಿನವರೆಗೂ ಹೋಯಿತು.

“ಪರವಾಗಿಲ್ಲ ಮಾರಾಯ್ರೆ, ಬಿಳಿಯರಲ್ಲೂ ಲಾಯ್ಕದ ಮನೆತನ ಉಂಟು” ಎಂದಳು.

“ಮತ್ತೆ ಈ ಗಂಡಸರು?”

“ಅವರು ಮದುವೆಯಾಗಿ ಬಂದವರಲ್ವಾ? ಕೊಂಬೆಗೆ ಹಾಕಿ.”

ಹಾಕಿದೆವು. ಉಸ್ತಾದ್ ಕೆತ್ತಿದರು. ಬೇರಿನಲ್ಲಿ ಒಬ್ಬಳು ಅಜ್ಜಿ, ಅವಳಿಂದ ಮೇಲೆ ಮಗಳು, ಮೊಮ್ಮಗಳು, ಕಾಂಡದ ತುದಿಯಲ್ಲಿ ನಮ್ಮ ಇಂಜಿನಿಯರ್. ಅಷ್ಟು ದಿನ ಅವರು ಬೆನ್ನು ಹತ್ತಿದ್ದ ಸರ್‌ನೇಮಿನ ಗಂಡಸರೆಲ್ಲ ಎಡಗಡೆಯ ಒಂದು ಕೊಂಬೆಯಲ್ಲಿ. ನೋಡಿ ನನಗೆ ಹೆಮ್ಮೆಯೇ ಆಯಿತು.

ಸಲಾಲಾದಿಂದ ಅವರು ನೇರವಾಗಿ ಅಂಗಡಿಗೆ ಬಂದರು. ಹಲಗೆಗೆ ಬಟ್ಟೆ ಮುಚ್ಚಿತ್ತು. ತೆಗೆಯಲು ಹೋದೆ, ಕೈ ಅಡ್ಡ ಹಿಡಿದರು.

“ಖಲಾಸ್. ನಿಲ್ಲಿಸಿಬಿಡಿ.”

“ಎಂತ ಸರ್ ನಿಲ್ಲಿಸುವುದು? ಮುಗಿದಿದೆ. ಗುರಾಣಿ ಒಂದೇ ಬಾಕಿ.”

ಅವರು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಸಿದು ಕೂತರು. ವಂಶ ತಿಳಿಯಲು ಎಂಜಲು ಪರೀಕ್ಷೆಗೆ ಕಳುಹಿಸಿದ್ದರಂತೆ, ಉತ್ತರ ಬಂದಿತ್ತು. ಆ ಹೆಸರಿನ ಕುಲದ ಮುಖಂಡನ ರಕ್ತಕ್ಕೂ ಇವರ ರಕ್ತಕ್ಕೂ ಸಂಬಂಧವೇ ಇಲ್ಲ. ಹಡಗಿನವನೂ ಅಲ್ಲ, ಸಂನ್ಯಾಸಿಯೂ ಅಲ್ಲ, ಸರದಾರನೂ ಅಲ್ಲ. ಅಲ್ಲಿ ಹಳೆಯದನ್ನೆಲ್ಲ ಬಲ್ಲವರೊಬ್ಬರು ಫೋನಿನಲ್ಲಿ ವಿಷಯ ಬಿಡಿಸಿ ಹೇಳಿದ್ದರು. ಹಿಂದಿನ ಕಾಲದಲ್ಲಿ ಮುಖಂಡನಿಗೆ ಜನಬಲ ಬೇಕಿತ್ತು. ಯಾವ ಒಕ್ಕಲು ತನ್ನ ಹೆಸರನ್ನು ಬಿಟ್ಟು ಅವನ ಹೆಸರನ್ನು ಇಟ್ಟುಕೊಳ್ಳುತ್ತಾನೋ ಅವನಿಗೆ ಒಂದು ಅಳತೆ ಓಟ್ಸ್ ಹಿಟ್ಟು ಕೊಡುತ್ತಿದ್ದನಂತೆ. ಇವರ ಹಿರಿಯರೂ ಹಾಗೆ ಸೇರಿಕೊಂಡವರೇ ಇರಬೇಕು. ಮುಂದೆ ಕುರಿ ಸಾಕಲೆಂದು ಧಣಿಗಳು ಒಕ್ಕಲುಗಳನ್ನು ಎಬ್ಬಿಸಿದಾಗ ಆ ಗಂಡಸರು ಕಣಿವೆ ಬಿಟ್ಟು, ಕೆಲವರು ಕೆನಡಾಕ್ಕೆ, ಕೆಲವರು ಗ್ಲಾಸ್ಗೋಗೆ ಹೋದರು.

“ಒಂದು ಚೀಲ ಹಿಟ್ಟಿಗೆ! ಈ ಹೆಸರು ಹೊತ್ತು ನಾನು ಅಲ್ಲಿ ಹೋಗಿ ಯಾವ ಬಾಯಿಂದ ಊರಿನವನು ಅನ್ನಲಿ?”

ನನಗೆ ರೇಗಿಹೋಯಿತು. “ಸರ್, ನಾನು ವ್ಯಾಪಾರದವನು, ಕೇಳಿ. ಹೊಟ್ಟೆಗಿಲ್ಲದ ವರ್ಷ. ಆ ಮನುಷ್ಯನ ಹತ್ತಿರ ಕೊಡಲಿಕ್ಕೆ ಇದ್ದದ್ದು ಒಂದು ಹೆಸರು. ಅದನ್ನು ಕೊಟ್ಟ, ಹಿಟ್ಟು ತಂದ, ಮಕ್ಕಳು ಉಳಿದವು, ನೀವು ಹುಟ್ಟಿದಿರಿ. ಇದಕ್ಕಿಂತ ಒಳ್ಳೆಯ ಡೀಲನ್ನು ನಾನು ಈ ಅಂಗಡಿಯಲ್ಲಿ ಮಾಡಿದ್ದಿಲ್ಲ. ನಾನಾಗಿದ್ದರೆ ಎರಡು ಚೀಲ ಕೇಳುತ್ತಿದ್ದೆ.”

“ನಿಮಗೆ ಅರ್ಥವಾಗುವುದಿಲ್ಲ” ಎಂದರು. ಅರ್ಥವಾಗದವನು ನಾನಂತೆ! ಮಾತು ಬೆಳೆಸದೆ ಬಟ್ಟೆ ಎಳೆದೆ.

ಅವರು ಎದ್ದು ಹತ್ತಿರ ಬಂದು, ಕನ್ನಡಕ ಹಾಕಿ, ಓದಿ, ಕೆಂಪಗಾದರು.

“ಇದು ಏನು? ಕಾಂಡದಲ್ಲಿ ನನ್ನ ಅಮ್ಮ ಯಾಕೆ?”

“ಮುಖ್ಯ ವಂಶ ಅಂದಿರಲ್ಲ.”

“ಮುಖ್ಯ ವಂಶ ಅಂದರೆ ತಂದೆಯದು!”

“ನಿಮ್ಮಲ್ಲಿ ಇರಬಹುದು. ನಮ್ಮಲ್ಲಿ ತಾಯಿಯದು. ನೀವು ಹೇಳಬೇಕಿತ್ತು.”

“ಇಡೀ ಪ್ರಪಂಚಕ್ಕೆ ಗೊತ್ತಿರುವುದನ್ನು ಹೇಳಬೇಕಾ?”

“ನಮ್ಮ ಇಡೀ ಪ್ರಪಂಚಕ್ಕೆ ಗೊತ್ತಿರುವುದು ಇದೇ ಸರ್.”

ಉಸ್ತಾದ್ ಉಳಿಗಳನ್ನು ಎತ್ತಿಕೊಂಡು ಮೆಲ್ಲಗೆ ಹಿಂದಿನ ಕೋಣೆಗೆ ಜಾರಿದರು. ಆ ತೇಗವನ್ನು ಇನ್ನು ಯಾರಿಗೆ ಮಾರಲಿ? ಬೇರೆಯವರ ಅಜ್ಜಿಯರನ್ನು ಗೋಡೆಗೆ ತೂಗುಹಾಕುವ ಗಿರಾಕಿ ಮಬೇಲಾದಲ್ಲಿ ಇಲ್ಲ. ಅದಕ್ಕೇ ಪಟ್ಟು ಬಿಡದೆ ಹೆಂಡತಿ ಹೇಳಿದ್ದನ್ನೆಲ್ಲ ಒಪ್ಪಿಸಿದೆ. ಹೆಸರನ್ನು ಯಾರು ಯಾರಿಗೆ ಬೇಕಾದರೂ ಕೊಡಬಹುದು, ಹಿಟ್ಟಿಗೂ ಕೊಡಬಹುದು. ತಾಯಿಯನ್ನು ಹಾಗೆ ಬದಲಿಸಲಿಕ್ಕಾಗುತ್ತದೆಯೇ? ಇವರೆಲ್ಲ ಎಲ್ಲಿಯವರು ಎಂದಾದರೂ ನೋಡಿದ್ದೀರಾ?

ಅವರು ಹಲಗೆಯ ಮೇಲೆ ಬಗ್ಗಿದರು. ತುದಿಯಿಂದ ಒಂದೊಂದೇ ಹೆಸರಿನ ಮೇಲೆ ಬೆರಳಿಟ್ಟು ಕೆಳಗೆ ಬಂದರು. ಅಮ್ಮ ಮನೆಗೆಲಸ ಹುಡುಕಿಕೊಂಡು ನಗರಕ್ಕೆ ಇಳಿದು ಅಲ್ಲೇ ಮದುವೆಯಾದವರು. ಅವರ ಅಮ್ಮ ಕಣಿವೆಯಲ್ಲೇ ಹುಟ್ಟಿ ಅಲ್ಲೇ ಸತ್ತವರು. ಅವರ ಅಮ್ಮನೂ ಹಾಗೆ. ಒಬ್ಬಳು ಹೊಳೆಯ ಈಚೆ, ಇನ್ನೊಬ್ಬಳು ಆಚೆ. ಒಬ್ಬೊಬ್ಬಳಿಗೆ ಒಂದೊಂದು ಸರ್‌ನೇಮ್ ಇದ್ದದ್ದರಿಂದ ಇವರು ಅವರನ್ನು ಒಂದು ಸಾಲಾಗಿ ನೋಡಿಯೇ ಇರಲಿಲ್ಲ. ಬೆರಳು ಬೇರಿನ ಹತ್ತಿರ ಬಂದಾಗ ಅವರು ನೆಲದ ಮೇಲೆ, ಮರದ ಹುಡಿಯಲ್ಲಿ ಮೊಣಕಾಲೂರಿದ್ದರು.

ಅಲ್ಲಿಂದ ಎದ್ದು, ಪ್ಯಾಂಟು ಝಾಡಿಸಿಕೊಂಡು, “ಗುರಾಣಿಯಲ್ಲಿ ಓಟ್ಸ್ ತೆನೆ ಹಾಕಿ” ಎಂದರು.

ಥ್ಯಾಂಕ್ಸ್ ಎನ್ನಬಹುದಿತ್ತು. ಇಲ್ಲ, ಇನ್ನೊಂದು ಬದಲಾವಣೆ! ಉಸ್ತಾದ್ ಜನ್ಮದಲ್ಲಿ ಓಟ್ಸ್ ತೆನೆ ಕಂಡವರಲ್ಲ, ನಾನೂ ಅಲ್ಲ. ಅಂಗಡಿಯಿಂದ ಓಟ್ಸ್ ಡಬ್ಬ ತಂದೆ. ಅದರ ಮೇಲಿನ ಚಿತ್ರದಲ್ಲಿ ಒಂದು ಬಟ್ಟಲು, ಹಾಲು, ನಗುವ ಹೆಂಗಸು. ಕೊನೆಗೆ ನಮ್ಮ ಊರಿನಲ್ಲಿ ತೆನೆ ತಂದು ಮನೆಯ ಕಂಬಕ್ಕೆ ಕಟ್ಟುವ ಹಬ್ಬದ ಫೋಟೋ ಮೊಬೈಲಿನಲ್ಲಿ ತೆರೆದು, ಸುಮಾರಾಗಿ ಹೀಗಿರಬೇಕು, ಯಲ್ಲಾ, ಶುರುಮಾಡಿ, ಕೆತ್ತಿ ಎಂದೆ.

ಬೇಸಗೆಯಲ್ಲಿ ಅವರಿಂದ ಫೋನು ಬಂತು. ಹಲಗೆಯನ್ನು ಸಭಾಂಗಣದಲ್ಲಿ ನಿಲ್ಲಿಸಿದ್ದರಂತೆ. ಸರ್‌ನೇಮಿನ ದೊಡ್ಡವರು ಬಂದು ಎಡಗಡೆಯ ಕೊಂಬೆ ನೋಡಿ ತಲೆಯಾಡಿಸಿ ಮುಂದೆ ಹೋದರು. ಆಮೇಲೆ ಕಣಿವೆಯ ಒಬ್ಬಳು ಮುದುಕಿ, ಆ ಹೆಸರಿಗೆ ಸಂಬಂಧವೇ ಇಲ್ಲದವಳು, ಚಹಾ ಹಂಚಲು ಬಂದಿದ್ದವಳು, ಕಾಂಡದ ತುದಿಗೆ ಸಮೀಪ ಬೆರಳಿಟ್ಟು ಕೇಳಿದಳಂತೆ: “ಹೊಳೆಯಾಚೆಯ ಇವಳ ಮಗಳ ಮಗನೇನಯ್ಯ ನೀನು? ನನ್ನಮ್ಮನೂ ಇವಳೂ ಒಟ್ಟಿಗೆ ಹಾಲು ಕರೆಯುತ್ತಿದ್ದರು. ಅವಳ ಕಿವಿಯೇ ನಿನಗೆ ಬಂದಿದೆ.” ಇಷ್ಟು ದಿನ ಎಲ್ಲಿದ್ದೆ ಎಂದು ಗದರಿಸಿದಳಂತೆ, ಊರಿನವನನ್ನು ಗದರಿಸಿದ ಹಾಗೆ.

ಹೇಳುವಾಗ ಅವರ ದನಿ ಒಡೆಯಿತು.

“ಇನ್ನೊಂದು ವಿಷಯ” ಎಂದರು.

“ಹೇಳಿ ಸರ್.”

“ಗುರಾಣಿಯಲ್ಲಿರುವುದು ಓಟ್ಸ್ ಅಲ್ಲ. ಇಲ್ಲಿಯ ರೈತರೆಲ್ಲ ನಗುತ್ತಿದ್ದಾರೆ. ಅದು ಭತ್ತ.”