ಗುಳಿಗೆಗೆ ಅಳತೆ ಇಟ್ಟ ದರ್ಜಿ

ನಮ್ಮ ಬೀದಿಯ ದರ್ಜಿಗೆ ಇಂಚು ಮಾಸ್ಟರ್ ಎಂದು ಹೆಸರಿಟ್ಟವರು ಅವನ ಗಿರಾಕಿಗಳೇ. ಎರಡು ಗುಂಡಿಗಳ ನಡುವಿನ ಅಂತರ ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಸಾಕು, ಇಡೀ ಸಾಲು ಬಿಚ್ಚಿ ಮತ್ತೆ ಹೊಲಿಯುತ್ತಿದ್ದ. ಹೊಲಿಯುವಾಗ ಬಾಯಿಗೂ ಬಿಡುವಿಲ್ಲ. ಸೊಂಟದಳತೆ ಕೊಡಲು ಬಂದವರು ಊರವರ ಯೋಗ್ಯತೆಯ ಅಳತೆಯನ್ನೆಲ್ಲ ಕೇಳಿಕೊಂಡೇ ಹೋಗಬೇಕಿತ್ತು.

ಅಂಗಡಿ ಎರಡನೇ ಮಹಡಿಯಲ್ಲಿ, ಮೂವತ್ತೆರಡು ಮೆಟ್ಟಿಲು. ಐವತ್ತೆಂಟು ತುಂಬುವಷ್ಟರಲ್ಲಿ ಹತ್ತು ಮೆಟ್ಟಿಲಿಗೊಮ್ಮೆ ಎದೆ ಹಿಂಡತೊಡಗಿತು. ಹತ್ತಲಾಗದಿದ್ದರೆ ಅಂಗಡಿ ಮುಚ್ಚಿ, ಮನೆಯಲ್ಲಿ ಕೂತು ದಿಂಬಿನ ಚೀಲ ಹೊಲಿಯಬೇಕು. ಅದಕ್ಕಿಂತ ಸಾಯೋದೇ ವಾಸಿ ಎಂದು ಕಂಡಕಂಡವರಿಗೆಲ್ಲ ಸಾರಿದ. ಬಟ್ಟೆಗಂಟುಗಳನ್ನು ಹೆಂಡತಿ ಹೊತ್ತು ತರತೊಡಗಿದಳು.

ಡಾಕ್ಟರಮ್ಮ ನೈಟ್ರೇಟ್ ಗುಳಿಗೆ ಬರೆದುಕೊಟ್ಟರು. ಬೆಳಿಗ್ಗೆ ಎಂಟಕ್ಕೊಂದು, ಮಧ್ಯಾಹ್ನ ಮೂರಕ್ಕೊಂದು. ರಕ್ತನಾಳಗಳು ಸಡಿಲಾಗಿ ಹೃದಯದ ಹೊರೆ ಇಳಿಯುತ್ತದೆ, ಮೊದಮೊದಲು ತಲೆ ನೋಯುತ್ತದೆ, ಹೆದರಬೇಡಿ ಎಂದರು. ತಲೆ ನೋಯಿತು, ಎದೆ ಹಗುರಾಯಿತು. ಆದರೆ ಆ ಚೀಟಿ ಮಾಸ್ಟರ ಕಣ್ಣಿಗೆ ಚುಚ್ಚಿತು. ಒಂದು ಕಡೆ ಏಳು ಗಂಟೆ ಅಂತರ, ಇನ್ನೊಂದು ಕಡೆ ಹದಿನೇಳು!

"ಹೀಗೆ ಗುಂಡಿ ಹೊಲಿದ್ರೆ ಗಿರಾಕಿ ಅಂಗೀನ ಮುಖಕ್ಕೇ ಎಸೀತಾನೆ," ಎಂದವನೇ ಮೂರನ್ನು ಹೊಡೆದುಹಾಕಿ ರಾತ್ರಿ ಎಂಟು ಎಂದು ತಿದ್ದಿದ. ಕೆಲವು ದಿನಗಳಲ್ಲಿ ಎದೆ ಮತ್ತೆ ಹಿಂಡಿತು. ಮಾಸ್ಟರ್ ನೆಟ್ಟಗೆ ಹೋಗಿ ಡಾಕ್ಟರಮ್ಮನ ಮೇಲೆ ಹರಿಹಾಯ್ದ. ಅವರು ಚೀಟಿ ನೋಡಿದರು.

"ಇದನ್ನ ತಿದ್ದೋಕೆ ನಿಮಗ್ಯಾರ್ರೀ ಹೇಳಿದ್ದು? ಹಗಲೂ ರಾತ್ರಿ ಈ ಔಷಧಿ ಮೈಯಲ್ಲಿದ್ರೆ ನಾಳಗಳು ಅದಕ್ಕೆ ಒಗ್ಗಿಹೋಗ್ತವೆ, ಅದರ ಮಾತು ಕೇಳಲ್ಲ. ರಾತ್ರಿ ಬಿಡುವು ಕೊಟ್ರೆ ಬೆಳಿಗ್ಗೆ ಮತ್ತೆ ಕೇಳ್ತವೆ. ಆ ಅಂತರ ಬೇಕಂತ್ಲೇ ಇಟ್ಟಿದ್ದು."

"ಬಿಡುವೇ ಕೊಡದಿದ್ರೆ ಏನಾಗತ್ತೆ ಅಂತ ನನ್ನ ಕಿವೀನ ಕೇಳಿ, ಡಾಕ್ಟ್ರೇ," ಎಂದಳು ಜೊತೆಗೆ ಬಂದಿದ್ದ ಹೆಂಡತಿ. "ಮೂವತ್ತು ವರ್ಷ ಆಯ್ತು."

ಗುಳಿಗೆ ಮತ್ತೆ ಎಂಟಕ್ಕೂ ಮೂರಕ್ಕೂ ಬಂತು. ಎರಡು ವಾರ ಕಳೆದು ಒಂದು ಬೆಳಿಗ್ಗೆ ಮಾಸ್ಟರ್ ಮೂವತ್ತೆರಡು ಮೆಟ್ಟಿಲನ್ನೂ ಎಲ್ಲೂ ನಿಲ್ಲದೆ ಹತ್ತಿದ. ದಾರಿಯುದ್ದಕ್ಕೂ ಹೆಂಡತಿಗೆ, ತಾನೇ ಕಂಡುಹಿಡಿದವನ ಹಾಗೆ, ನೈಟ್ರೇಟಿನ ಗುಟ್ಟು ಬಿಡಿಸಿ ಹೇಳಿದ. ಮೇಲೆ ಮುಟ್ಟಿ ಜಂಬದಿಂದ ತಿರುಗಿದರೆ ಹಿಂದೆ ಯಾರೂ ಇಲ್ಲ. ಅರ್ಧ ದಾರಿಯಲ್ಲಿ ಗಂಟು ಇಳಿಸಿ, ಗೋಡೆಗೊರಗಿ, ಅವಳು ಎದೆ ಒತ್ತಿಕೊಂಡು ನಿಂತಿದ್ದಳು. ಮಾಸ್ಟರ್ ದಡಬಡ ಇಳಿದ.

"ಯಾವಾಗಿಂದ ಇದು?"

"ಆರು ತಿಂಗಳಾಗಿರಬೇಕು."

"ನಂಗ್ಯಾಕೆ ಹೇಳ್ಲಿಲ್ಲ?"

ಅವಳು ಉಸಿರು ಎಳೆದುಕೊಂಡಳು. "ನಿಮ್ಮ ಮಾತು ಮುಗೀಲಿ ಅಂತ ಕಾಯ್ತಿದ್ದೆ."