ಮಡಿಕೆ ಹೋದ ನೋಟು

ಆ ಬೆಳಿಗ್ಗೆ ಹಾಲು ಕಾಯಲಿಟ್ಟು ದೋಸೆ ಹಿಟ್ಟಿಗೆ ಉಪ್ಪು ಕಲಸುತ್ತಿದ್ದೆ. ಕೆಳಗಿನ ಮನೆಯ ಕಾಕೂ ಬಾಗಿಲಲ್ಲಿ ನಿಂತು, “ನಿಮ್ಮ ಕಾಕಾ ಏಳಲೇ ಇಲ್ಲ ನೋಡವಾ” ಎಂದರು.

ಕಾಕಾನ ಬಲ ಹೆಬ್ಬೆರಳ ತುದಿ ನೋಟು ಎಣಿಸಿ ಎಣಿಸಿ ಗೆರೆಗಳೇ ಇಲ್ಲದಂತೆ ನುಣ್ಣಗೆ ಸವೆದಿತ್ತು. ವಿಜಯವಾಡದ ಒನ್ ಟೌನಿನ ಬ್ಯಾಂಕಿನಲ್ಲಿ ಹೆಡ್ ಕ್ಯಾಷಿಯರ್ ಆಗಿದ್ದವರು. ನಿವೃತ್ತರಾಗಿ ವಿಶಾಖಪಟ್ಟಣಕ್ಕೆ ಬಂದರೂ ಧಾರವಾಡದ ಮಾತು ಬಿಟ್ಟಿರಲಿಲ್ಲ. ಅವರು ಕೂಡಿಸುತ್ತಿದ್ದುದು ಬೆಲೆ ಸತ್ತ ನೋಟುಗಳನ್ನು. ಜರ್ಮನಿಯದು, ಹಂಗೇರಿಯದು, ಜಿಂಬಾಬ್ವೆಯದು. ಬೆಳಗಿನ ದರ ಸಂಜೆಗೆ ನಿಲ್ಲದಿದ್ದ ಕಾಲದವು. ಗರಿಗರಿ ನೋಟು ಕೊಟ್ಟರೆ ಬೇಡವೆನ್ನುವರು. “ಇದು ಯಾರ ಕೈಯಾಗೂ ಬೆವರಿಲ್ಲ.” ಒಂದೊಂದರ ಕೆಳಗೂ ಕನ್ನಡದಲ್ಲಿ ಚೀಟಿ: ‘ಎಂಟು ಮಡಿಕೆಯಾಗಿ ಮಡಿಚಿದ್ದು. ಹೆಂಗಸಿನ ಸಣ್ಣ ಪರ್ಸಿನದಿರಬೇಕು. ಬ್ರೆಡ್ಡಿಗೆ ಸಾಲದೆ ಹಿಂದಿರುಗಿದಳೋ ಏನೋ.’

ಅವರ ಕೈ ನಡುಗತೊಡಗಿದ ಮೇಲೆ ನೋಟುಗಳನ್ನು ಪ್ಲಾಸ್ಟಿಕ್ ಹಾಳೆಗೆ ಸೇರಿಸುವ ಕೆಲಸ ನನ್ನದಾಯಿತು. ಒಮ್ಮೆ ಬಂದರಿನ ನಾವಿಕನೊಬ್ಬ ತಂದುಕೊಟ್ಟ ಜಿಂಬಾಬ್ವೆಯ ನೋಟು ತೀರಾ ಮುದುರಿತ್ತು. ಯೂನಿಫಾರ್ಮಿನ ನೆರಿಗೆಗೂ ಅಂಕ ಕೊಡುತ್ತಿದ್ದ ಕಾನ್ವೆಂಟಿನ ಸಿಸ್ಟರ್‌ಗಳ ಕೈಯಲ್ಲಿ ಓದಿದವಳು ನಾನು. ತೆಳು ಬಟ್ಟೆ ಹಾಸಿ ಇಸ್ತ್ರಿ ಹಾಕಿಬಿಟ್ಟೆ. ಹೆಮ್ಮೆಯಿಂದ ಒಯ್ದು ಕೊಟ್ಟೆ. ಕಾಕಾ ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

“ಯಾರೋ ಮಡಿಚಿದ್ರವಾ ಇದನ್ನ. ನೀ ಅವರನ್ನ ಅಳಿಸಿಬಿಟ್ಟಿ.”

ಬೈದಿದ್ದರೆ ಅತ್ತು ಹಗುರಾಗುತ್ತಿದ್ದೆ. ಆಮೇಲೂ ಚಹಾ ಕೊಟ್ಟರು, ಮಾತಾಡಿಸಿದರು. ನೋಟು ಮಾತ್ರ ಮತ್ತೆ ನನ್ನ ಕೈಗೆ ಕೊಡಲಿಲ್ಲ. ಕ್ಷಮೆ ಕೇಳಬೇಕೆಂದು ಎರಡು ವರ್ಷ ಮೆಟ್ಟಿಲಿಳಿದೆ, ಕೇಳದೆಯೇ ಹತ್ತಿದೆ.

ಕಾಕಾ ಹೋದ ದಿನ ಮಧ್ಯಾಹ್ನ ಗಂಡಸರು ಸ್ಮಶಾನದಿಂದ ಮರಳಿದ ಮೇಲೆ ಕಾಕೂ ಆಲ್ಬಂ ತಂದು ನನ್ನ ಮಡಿಲಿಗಿಟ್ಟರು. “ನಿನಗೇ ಕೊಡು ಅಂದಿದ್ರು. ನಮ್ಮ ಹುಡುಗರಿಗೆ ಕನ್ನಡ ಓದಲಿಕ್ಕೆ ಎಲ್ಲಿ ಬರ್ತದ?”

ನಾನು ಇಸ್ತ್ರಿ ಹಾಕಿದ್ದ ಆ ನೋಟಿನ ಹಾಳೆ ತೆರೆಯಲು ನನಗೆ ಹೊತ್ತು ಹಿಡಿಯಿತು. ನೋಟಿನ ಕೆಳಗೆ ಸೊಟ್ಟ ಅಕ್ಷರಗಳ ಚೀಟಿ ಇತ್ತು: ‘ಮೊದಲಿನ ಮಡಿಕೆ ಈಗಿಲ್ಲ. ಮ್ಯಾಲಿನ ಮನಿ ಮಗಳು ಪ್ರೀತಿಯಿಂದ ಇಸ್ತ್ರಿ ಮಾಡಿದ್ದು.’ ಮುಂದಿನ ಹಾಳೆಗಳೆಲ್ಲ ಖಾಲಿ. ನನ್ನ ಕೈಗೆ ಕೊಡಲು ಅವರ ಬಳಿ ಆಮೇಲೆ ಬೇರೆ ನೋಟೇ ಬಂದಿರಲಿಲ್ಲ.

ಸಂಜೆ ಬಾಲ್ಕನಿಯಲ್ಲಿ ಕುಳಿತಿದ್ದೆ. ಪಕ್ಕದ ಮನೆಯ ತೆಲುಗಿನಾಕೆ ಒಣಗಿದ ಬಟ್ಟೆ ತೆಗೆಯುತ್ತ ಆಲ್ಬಮ್ಮಿನತ್ತ ಇಣುಕಿದರು.

“ಇವು ಈಗ ಎಲ್ಲೂ ನಡೆಯೋದಿಲ್ಲ ಅಲ್ವೇನಂಡೀ? ಮತ್ತೆ ಯಾಕಂಡೀ ಅಷ್ಟು ಗಟ್ಟಿಯಾಗಿ ಹಿಡ್ಕೊಂಡಿದೀರಿ?”